ವಿಭೂತಿ ಬಳಿದ ಹನ್ನೆರಡು ಹಲಗೆಗಳು

ಭೂಮಿಕಾ, ತೇಜಸ್, ನಮ್ಮ ಲ್ಯಾಬ್ ಮೇಷ್ಟ್ರು ಮೀಟರಿನ ಮುಳ್ಳು ಓದುವಾಗ ಎಡಗಣ್ಣು ಮುಚ್ಚಿ ಉಸಿರು ಹಿಡಿದು ನಿಲ್ಲುತ್ತಿದ್ದರು. ಆಗ ಅವರ ಬಿಳಿ ಮೀಸೆಯ ಒಂದು ಕೂದಲೂ ಅಲುಗಾಡುತ್ತಿರಲಿಲ್ಲ. ಬಲಗೈ ಹೆಬ್ಬೆರಳಿನ ತುಂಬ ಬೆಸುಗೆ ಹಾಕುವಾಗ ಸುಟ್ಟ ಕಲೆಗಳು, ಎಳ್ಳು ಚೆಲ್ಲಿದ ಹಾಗೆ. ಮೊನ್ನೆ ಭೂಮಿಕಾಳ ಪುಸ್ತಕದಲ್ಲಿ ಟ್ರಾನ್ಸಿಸ್ಟರಿನ ಚಿತ್ರ ಕಂಡು ನಾನು “ಇದು ನಂಗೊತ್ತು” ಅಂದಾಗ ನೀವಿಬ್ಬರೂ ನಕ್ಕಿರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆಯುತ್ತೇನೆ.

ನಿಮ್ಮ ತಾತ ತುಮಕೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅಟೆಂಡರ್ ಆಗಿದ್ದರು. ತೊಂಬತ್ತರ ದಶಕದ ನಡುವೆ ಅವರು ತೀರಿಹೋದಾಗ ಅನುಕಂಪದ ಮೇಲೆ ಆ ಕೆಲಸ ನನಗೆ ಬಂತು. ಎರಡು ವರ್ಷ ನೋಡುತ್ತಾರೆ, ಒಳ್ಳೆಯ ವರದಿ ಇದ್ದರೆ ಕಾಯಂ, ಇಲ್ಲದಿದ್ದರೆ ಮನೆಗೆ. ನಿಮ್ಮಪ್ಪ ಆಗ ಆರನೇ ಕ್ಲಾಸು. ನಾನು ನಿಟ್ಟೂರಿನಲ್ಲಿ ಏಳನೆಯವರೆಗೆ ಓದಿದವಳು. ಹೊರಗಿನ ಗಂಡಸರ ಎದುರು ಸೆರಗು ಬಾಯಿಗಿಟ್ಟುಕೊಂಡೇ ನಿಲ್ಲುತ್ತಿದ್ದೆ. ನನ್ನನ್ನು ಹಾಕಿದ್ದು ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ. ನಾನು ಹೇಳಿದ ಮೇಷ್ಟ್ರು ಅಲ್ಲಿದ್ದವರು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ವರದಿ ಬರೆಯಬೇಕಾದವರೂ ಅವರೇ.

ಹುಡುಗರು ಅಲ್ಲಿ ಟ್ರಾನ್ಸಿಸ್ಟರಿನ ಗುಣ ಅಳೆಯುತ್ತಿದ್ದರು. ಕಡಲೆಬೀಜದಷ್ಟು ಗಾತ್ರ, ತಲೆಗೆ ತಗಡಿನ ಟೋಪಿ, ಕೆಳಗೆ ತಂತಿಯಂಥ ಮೂರು ಕಾಲು. ಅದನ್ನು ಪ್ರಯೋಗದ ಹಲಗೆಯ ತೂತುಗಳಿಗೆ ಸಿಕ್ಕಿಸಿ, ಒಂದು ಕಾಲಿಗೆ ಚೂರೇ ಚೂರು ಕರೆಂಟು ಕೊಟ್ಟು, ಇನ್ನೊಂದು ಕಾಲಿಗೆ ವೋಲ್ಟೇಜು ಏರಿಸುತ್ತ, ಎಷ್ಟು ಕರೆಂಟು ಹರಿಯಿತೆಂಬ ರೀಡಿಂಗ್ ಬರೆದು ಗ್ರಾಫ್ ಎಳೆಯಬೇಕು. ನಾನು ಕೇಳದಿದ್ದರೂ ಒಂದು ದಿನ ಮೇಷ್ಟ್ರು ಕರೆದು ಹೇಳಿದರು.

“ದಿನಾ ಒರೆಸೋ ಸಾಮಾನು ಏನೂಂತ ಗೊತ್ತಿರ್ಬೇಕು ಕಣಮ್ಮ. ಕೆರೆ ತೂಬು ನೋಡಿದೀರಲ್ಲ? ನಡುವಿನ ಕಾಲು ಬೇಸು, ಅದು ತೂಬಿನ ಹಿಡಿ. ಹಿಡೀನ ಬೆರಳಷ್ಟು ಎತ್ತಿದ್ರೆ ಕಾಲುವೆ ತುಂಬ ನೀರು. ಅಷ್ಟೇಯ.”

ಹುಡುಗರ ಮೇಲೆ ಅವರಿಗೆ ಒಂದೇ ಸಿಟ್ಟು, ಹಳೆಯ ರೆಕಾರ್ಡು ನೋಡಿ ಲೆಕ್ಕ ಇಳಿಸುವುದು. ಒಮ್ಮೆ ಒಬ್ಬ ಬಹಳ ಚಂದದ ಗ್ರಾಫ್ ತಂದ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

“ಏನ್ಲಾ, ಮದುವೆ ಚಪ್ಪರದಂಗೆ ಐತಲ್ಲೋ! ಯಾವ್ ಮೀಟರಲ್ಲಿ ತಗಂಡೆ?”

“ಮೂರನೇ ಟೇಬಲ್ದು ಸಾ.”

“ಅದು ಸತ್ತು ಒಂದ್ ವಾರ ಆತು ಕಣೋ. ಹೆಣದ ನಾಡಿ ಹಿಡ್ದಿದೀಯ ನೀನು!”

ಲ್ಯಾಬೆಲ್ಲ ನಕ್ಕಿತು. ಹುಡುಗನನ್ನು ಮತ್ತೆ ಕೂರಿಸಿ ಬೇರೆ ಮೀಟರು ಕೊಟ್ಟು, “ಬಂದಿದ್ದು ಬರಿ. ವಕ್ರ ಬಂದ್ರೂ ವಕ್ರವೇ ಬರಿ” ಎಂದರು.

ನನ್ನ ಎರಡನೇ ವರ್ಷದ ಆಯುಧಪೂಜೆಗೆ ಮೇಷ್ಟ್ರು ತಮ್ಮ ಊರಲ್ಲೇ ಉಳಿದಿದ್ದರು. ನನಗೆ ಅನ್ನ ಕೊಡುವ ಸಾಮಾನು, ಸುಮ್ಮನೆ ಬಿಡಲು ಮನಸ್ಸು ಬರಲಿಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ ಹನ್ನೆರಡು ಹಲಗೆಗಳಿಗೂ ಮೂರು ಬೆರಳು ಎಳೆದು ಕುಂಕುಮ ಇಟ್ಟೆ. ಟ್ರಾನ್ಸಿಸ್ಟರ್ ಕೂರುವ ಜಾಗವೇ ಹಣೆಯ ಹಾಗೆ ಕಂಡಿತು, ಅಲ್ಲಿಗೇ ಎಳೆದೆ.

ರಜ ಮುಗಿಯುವಾಗ ಮೂರು ದಿನ ಜಡಿಮಳೆ. ಆಮೇಲೆ ಯಾವ ಹಲಗೆಯಲ್ಲೂ ಲೆಕ್ಕ ಸರಿ ಬರಲಿಲ್ಲ. ಬೇಸಿನ ವೈರು ಕಿತ್ತರೂ ಕರೆಂಟು ಹರಿಯುತ್ತಿತ್ತು. ವಿಭಾಗದ ಮುಖ್ಯಸ್ಥರು ಬಂದು, “ಟ್ರಾನ್ಸಿಸ್ಟರ್ ಲಾಟೇ ಕೆಟ್ಟೋಗಿದೆ, ಎಸೀರಿ” ಎಂದರು.

“ಎಲ್ಲಾ ಒಂದೇ ದಿನ ಸಾಯಕ್ಕೆ ಇದೇನು ಕಾಲರಾನಾ ಸಾರ್?” ಎಂದರು ಮೇಷ್ಟ್ರು.

ಮಧ್ಯಾಹ್ನ ನನ್ನನ್ನೇ ಜೊತೆಗೆ ಕೂರಿಸಿಕೊಂಡರು. “ಹಿಡಿ ಮುಟ್ಟದೆ ನೀರು ಹರೀತೈತೆ ಅಂದ್ರೆ ಎಲ್ಲೋ ಏಡಿ ಬಿಲ ತೋಡೈತೆ. ಹುಡುಕಾಣ ಬನ್ನಿ.” ನನ್ನ ಕೈಯಲ್ಲೇ ಟ್ರಾನ್ಸಿಸ್ಟರ್ ಕೀಳಿಸಿದರು. ಖಾಲಿ ಹಲಗೆಯ ಎರಡು ತೂತುಗಳಿಗೆ ಮೀಟರಿನ ಕಡ್ಡಿ ಇಟ್ಟರು. ಏನೂ ಇಲ್ಲದ ಕಡೆ ಮುಳ್ಳು ಎದ್ದಿತು. ಕಡ್ಡಿಗಳ ನಡುವೆ ನನ್ನ ಮೂರು ಗೆರೆ, ಥಂಡಿ ಹಿಡಿದು ಇನ್ನೂ ಹಸಿ.

ಯಾರು ಬಳಿದದ್ದೆಂದು ಅವರು ಕೇಳಿರಲಿಲ್ಲ. “ಸಾ, ಅದು ನಾನು ಬಳ್ದಿದ್ದು. ಹನ್ನೆರಡಕ್ಕೂ” ಎಂದೆ. ಆ ಲ್ಯಾಬಿನಲ್ಲಿ ನಾನು ಬಾಯಿಂದ ಸೆರಗು ತೆಗೆದು ಆಡಿದ ಮೊದಲ ಮಾತು.

ಅವರು ಗೆರೆಗಳನ್ನೇ ನೋಡಿದರು. “ಏಡಿ ಸಿಕ್ತಲ್ಲ, ಬುಡಿ. ಒದ್ದೆ ಬೂದೀಲೇ ಕರೆಂಟು ಹರಿದೈತೆ. ಅರಳೆ, ಸ್ಪಿರಿಟ್ ತಗಂಬನ್ನಿ.”

ಎರಡು ದಿನ ಒರೆಸಿ ಬಿಸಿಲಿಗಿಟ್ಟೆ. ಸರಿಯಾಯಿತೋ ಇಲ್ಲವೋ ನೋಡಲು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದರು. ಗುಂಡಿ ತಿರುಗಿಸಿದೆ, ನನಗೆ ಬರುತ್ತಿದ್ದ ಕನ್ನಡ ಅಂಕಿಗಳಲ್ಲೇ ಬರೆದೆ. ಗ್ರಾಫಿನ ಗೆರೆ ದಡದಡ ಮೇಲೇರಿ, ಆಮೇಲೆ ಆಯಾಸವಾದವರ ಹಾಗೆ ಮಲಗಿತು. ಹನ್ನೆರಡರಲ್ಲೂ ಹಾಗೇ.

ಮುಂದಿನ ತಿಂಗಳು ನನ್ನ ವರದಿ ಬರೆಯುವ ದಿನ ಬಂತು. ಮೇಜಿನ ಪಕ್ಕ ನಿಂತು ಬೇಡಿಕೊಂಡೆ. “ಸಾ, ಅದೊಂದ್ ಬರೀಬ್ಯಾಡಿ. ಮಗ ಓದ್ತಾವ್ನೆ.”

“ಬರೀದೆ ಇರಕ್ಕಾಗಲ್ಲ ಕಣಮ್ಮ” ಎಂದವರು ತಲೆ ಎತ್ತಲಿಲ್ಲ.

ಅಂದು ಗುಬ್ಬಿಯ ಮನೆಗೆ ಮರಳುವ ರೈಲಿನಲ್ಲಿ ದಾರಿಯುದ್ದಕ್ಕೂ ಅವರನ್ನು ಶಪಿಸಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಒಂದು ವಾರ ಅವರಿಗೆ ಟೀ ಇಟ್ಟೆ, ಮುಖ ನೋಡಲಿಲ್ಲ.

ಪ್ರಿನ್ಸಿಪಾಲರು ಮೇಷ್ಟ್ರನ್ನೂ ನನ್ನನ್ನೂ ಕರೆಸಿ ವರದಿಯ ಕಾಗದವನ್ನು ಗಟ್ಟಿಯಾಗಿ ಓದಿದರು. “ಹನ್ನೆರಡು ಹಲಗೆಗಳಿಗೆ ವಿಭೂತಿ ಬಳಿದು ಕೆಡಿಸಿದ್ದಾರೆ. ಯಾರೂ ಕೇಳುವ ಮೊದಲೇ ಒಪ್ಪಿಕೊಂಡಿದ್ದಾರೆ. ಹನ್ನೆರಡನ್ನೂ ತಾವೇ ಸರಿಪಡಿಸಿ, ಅಳತೆ ತೆಗೆದು ತೋರಿಸಿದ್ದಾರೆ. ಅಳತೆಯ ಹಾಳೆ ಲಗತ್ತಿಸಿದೆ. ಈ ಲ್ಯಾಬಿಗೆ ಇವರು ಬೇಕು.”

ಕೆಳಗೆ ನನ್ನ ಗ್ರಾಫು, ನನ್ನ ವಕ್ರ ಅಂಕಿಗಳು.

“ಇದು ನೀವೇ ತೆಗೆದದ್ದೇನಮ್ಮ? ಹಾಗಾದ್ರೆ ಮೂರು ಕಾಲಿನ ಹೆಸರು ಹೇಳಿ.”

“ಎಮಿಟರು, ಬೇಸು, ಕಲೆಕ್ಟರು.”

ಪ್ರಿನ್ಸಿಪಾಲರು ಮೇಷ್ಟ್ರ ಕಡೆ ತಿರುಗಿ, “ಸರೀನೇನ್ರಿ?” ಎಂದು ಕೇಳಿ, ತಾವೇ ನಕ್ಕು ಸಹಿ ಹಾಕಿದರು. ಹೊರಗೆ ಬಂದ ಮೇಲೆ ಮೇಷ್ಟ್ರು “ಎರಡನೇ ಬ್ಯಾಚ್ ಬರ್ತೈತೆ, ಬೀಗ ತೆಗೀರಿ” ಎಂದರು.

ನಿಮ್ಮಪ್ಪನ ಓದು, ನಾವು ಗುಬ್ಬಿಯಲ್ಲಿ ಕಟ್ಟಿದ ಎರಡು ಕೋಣೆ, ಎಲ್ಲ ನನ್ನನ್ನು ಕಾಯಂ ಮಾಡಿದ ಆ ಸಹಿಯಿಂದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೇಷ್ಟ್ರು ನಿವೃತ್ತರಾದರು. ಕೆಲವು ವರ್ಷಕ್ಕೆ ತೀರಿಕೊಂಡ ಸುದ್ದಿ ಬಂತು. ನಾನು ಒಬ್ಬಳೇ ಬಸ್ಸು ಹಿಡಿದು ಕೊತ್ತಗೆರೆಗೆ ಹೋದೆ. ಜಗಲಿಯ ಮೂಲೆಯಲ್ಲಿ ನಿಂತಿದ್ದವಳನ್ನು ಅವರ ಹೆಂಡತಿ ಯಾರೆಂದು ಕೇಳಿದರು.

“ಲ್ಯಾಬಲ್ಲಿ ಕಸ ಗುಡಿಸ್ತಿದ್ದೆ ಕಣವ್ವ” ಎಂದೆ.

ಅವರು ನನ್ನ ಕೈ ಹಿಡಿದು ನೋಡಿದರು. “ಕಸ ಗುಡಿಸೋರು ಅಂತ ನಮ್ಮೆಜಮಾನ್ರು ಒಂದ್ ದಿನಾನೂ ಹೇಳ್ನಿಲ್ವಲ್ಲ. ರೀಡಿಂಗ್ ತಗಳೋ ಅಮ್ಮ ಅಂತಿದ್ರು.”

ಮಕ್ಕಳೇ, ಈ ಹಾಳೆಗಳನ್ನು ಅಟ್ಟದ ಮೇಲೆ ಹಾಕಬೇಡಿ, ಅಲ್ಲಿ ಇಲಿ ಇದೆ. ಭೂಮಿಕಾಳ ಲ್ಯಾಬ್ ಪುಸ್ತಕದ ನಡುವೆ ಮಡಿಸದೆ ಇಟ್ಟುಕೊಳ್ಳಿ.