ಅಪ್ಪ ಹಬೆ ಎಂದ ಹೊಗೆ

ಸಂಜೆ ದೇವರ ದೀಪ ಹಚ್ಚಲು ಬೆಂಕಿಕಡ್ಡಿ ಗೀರಿದಾಗ ಏಳುವ ಆ ಕಟು ವಾಸನೆ ನಿಮಗೂ ಗೊತ್ತು. ಒಂದು ಕ್ಷಣ ಮೂಗಿಗೆ ತಾಗಿ, ಬತ್ತಿ ಹೊತ್ತಿಕೊಳ್ಳುವಷ್ಟರಲ್ಲಿ ಹೋಗಿಬಿಡುತ್ತದೆ. ಹೆಚ್ಚಿನವರಿಗೆ ಅದು ದೀಪಾವಳಿಯ ನೆನಪು. ನನಗೆ ಮಾತ್ರ, ಮಸ್ಕತ್ತಿನ ಅಲ್ ಗುಬ್ರಾದ ಈ ಫ್ಲಾಟಿನಲ್ಲಿ ನಿಂತಿದ್ದರೂ, ಕೈ ತನ್ನಷ್ಟಕ್ಕೇ ಕಿಟಕಿ ಮುಚ್ಚಲು ಹೋಗುತ್ತದೆ. ಒಮಾನಿನ ಬಾತಿನಾ ಕರಾವಳಿಯ ಒಂದು ಹಳ್ಳಿ, ಅಲ್ಲಿನ ಖರ್ಜೂರದ ತೋಟ, ತೋಟದ ಮೂಲೆಯಲ್ಲಿ ನಾವು ಬಾಡಿಗೆಗಿದ್ದ ಎರಡು ಕೋಣೆಯ ಮನೆ ಕಣ್ಣ ಮುಂದೆ ಬರುತ್ತವೆ. ಆ ಹಳ್ಳಿ ಈಗ ಇಲ್ಲ. ಹೋಗಿ ನೋಡುವಾ ಅಂದರೆ ತೋರಿಸುವುದಕ್ಕೆ ಒಂದು ಗೋಡೆಯೂ ಉಳಿದಿಲ್ಲ. ಬಾಲ್ಯದ ಮನೆ ಕಳೆದುಕೊಂಡವರು ನೀವೂ ಆಗಿದ್ದರೆ, ಇಲ್ಲದ ಬಾಗಿಲನ್ನು ಮನಸ್ಸಿನಲ್ಲೇ ತಳ್ಳಿ ಒಳಗೆ ಹೋಗುವುದು ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ.

ಆ ತೋಟ, ಆ ಮನೆ ಎರಡೂ ಮೌಜಾಜ್ಜಿಯದು. ಅವಳ ಹೆಸರು ಮೌಜಾ. ಅಜ್ಜಿ ಎಂದು ಸೇರಿಸಿದ್ದು ನಾನು ಮತ್ತು ನನ್ನ ತಂಗಿ ಪಮ್ಮಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಅಜ್ಜಿಯ ಅಂಗಳದಲ್ಲಿ ಅರಬ್ಬಿ, ಹೀಗೆ ನಮ್ಮ ನಾಲಗೆಗೆ ಮೂರು ಮನೆ. ಅಜ್ಜಿಯ ಸೊಸೆ ಹೆರಿಗೆಯಲ್ಲೇ ತೀರಿಕೊಂಡಿದ್ದಳು, ಮಗ ದೂರದಲ್ಲೆಲ್ಲೋ ಸೈನ್ಯದಲ್ಲಿದ್ದ. ಮೊಮ್ಮಗಳು ಜುವೈನಾಳನ್ನು ಸಾಕಿದ್ದು ಅಜ್ಜಿಯೇ. ಜುವೈನಾ ಮತ್ತು ಪಮ್ಮಿ ಒಂದೇ ವಯಸ್ಸಿನವರು, ಒಂದೇ ಎತ್ತರದವರು. ಹಿಂದಿನಿಂದ ನೋಡಿದರೆ ಅಮ್ಮನಿಗೂ ಕೆಲವೊಮ್ಮೆ ಗುರುತು ತಪ್ಪುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಖರ್ಜೂರದ ಗರಿಯ ಚಪ್ಪರದ ಕೆಳಗೆ ಚಾಪೆ ಹಾಸಿ ಎಲ್ಲರೂ ಮಲಗುತ್ತಿದ್ದೆವು. ಬಿಸಿಲು ಸ್ವಲ್ಪ ವಾಲುತ್ತಲೇ ಸಮುದ್ರದ ಕಡೆಯಿಂದ ಗಾಳಿ ಏಳುತ್ತಿತ್ತು. ಉಪ್ಪು, ಒಣಮೀನು, ಅಜ್ಜಿಯ ಕಾಫಿಯ ಏಲಕ್ಕಿ, ಅವಳ ಬಟ್ಟೆಗೆ ಅಂಟಿದ ಲೋಬಾನದ ಹೊಗೆ, ಎಲ್ಲ ಬೆರೆತ ಗಾಳಿ. ಬೆವರಿದ ಕುತ್ತಿಗೆಗೆ ಅದು ತಾಗಿದೊಡನೆ ಅಜ್ಜಿ ಕಣ್ಣು ಮುಚ್ಚಿಕೊಂಡೇ ದೇವರಿಗೆ ಕೃತಜ್ಞತೆ ಹೇಳುತ್ತಿದ್ದಳು. ಅಮ್ಮನೂ ಒಮ್ಮೊಮ್ಮೆ, "ಥೇಟ್ ನಮ್ಮ ಕಾಪುವಿನ ಗಾಳಿ" ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಅಪ್ಪ ನಮ್ಮನ್ನು ಅಲ್ಲಿಗೆ ಕರೆತಂದದ್ದು ಕಡಲ ಪಕ್ಕದಲ್ಲಿ ಹೊಸದಾಗಿ ಎದ್ದ ಲೋಹ ಕರಗಿಸುವ ಕಾರ್ಖಾನೆಯ ಕೆಲಸಕ್ಕಾಗಿ. ಕುಲುಮೆಯಿಂದ ಬರುವ ಹೊಗೆ ಚಿಮಣಿಗೆ ಹೋಗುವ ಮೊದಲು ಅದರ ಧೂಳನ್ನು ದೊಡ್ಡ ದೊಡ್ಡ ಬಟ್ಟೆಚೀಲಗಳಲ್ಲಿ ಸೋಸುತ್ತಾರೆ. ಚೀಲಗಳು ಹರಿಯದಂತೆ, ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ವಿಭಾಗ ಅಪ್ಪನದು. ಮೊದಮೊದಲು ಅವರಿಗೆ ಅದರ ಬಗ್ಗೆ ಹೆಮ್ಮೆಯೇ ಇತ್ತು. "ಕಾರ್ಖಾನೆಯ ಮೂಗು ಒರೆಸುವ ಕೆಲಸ ನನ್ನದು" ಎಂದು ನಗಿಸುತ್ತಿದ್ದರು. ಆಮೇಲೆ ಪಕ್ಕದಲ್ಲೇ ಇನ್ನೊಂದು ಕಾರ್ಖಾನೆ ಬಂತು, ಅದರಾಚೆ ಮತ್ತೊಂದು. ಅಪ್ಪನ ಕುಲುಮೆ ಹಗಲು ರಾತ್ರಿ ಉರಿಯತೊಡಗಿತು. ಚೀಲಗಳು ಹರಿದವು. ಹೊಸದು ಹಾಕಬೇಕಾದರೆ ಕುಲುಮೆ ನಿಲ್ಲಿಸಬೇಕು. ನಿಲ್ಲಿಸಲು ಮೇಲಿನವರು ಒಪ್ಪಲಿಲ್ಲ. ಲೋಹ ಒಯ್ಯುವ ಈ ಹಡಗು ಹೋಗಲಿ, ಮುಂದಿನದು ಹೋಗಲಿ ಎಂದು ದಿನ ದೂಡಿದರು. ಅಪ್ಪ ಮನೆಗೆ ಬಂದು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು, ಬಾಯಿಗೆ ಇಡುತ್ತಿರಲಿಲ್ಲ.

ಮಧ್ಯಾಹ್ನದ ಗಾಳಿ ಈಗ ಬೇರೆಯದಾಯಿತು. ಅದು ಕಾರ್ಖಾನೆಯ ಮೇಲಿಂದಲೇ ಹಾದು ನಮ್ಮ ಕಡೆ ಬರಬೇಕು. ಮೊದಲು ಆ ಬೆಂಕಿಕಡ್ಡಿಯ ವಾಸನೆ, ಹಿಂದೆಯೇ ನಾಲಗೆಯ ಮೇಲೆ ಚಿಲ್ಲರೆ ಕಾಸು ಚೀಪಿದಂಥ ರುಚಿ. ಒಗೆದು ಹರವಿದ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಖರ್ಜೂರದ ಗೊನೆಗಳ ಮೇಲೆ ಕಪ್ಪು ಹಿಟ್ಟು ಕೂರುತ್ತಿತ್ತು, ತೊಳೆದರೂ ಜಿಗುಟು ಹೋಗುತ್ತಿರಲಿಲ್ಲ. ಒಂದು ದಿನ ಅಜ್ಜಿ ಅಂಗಳದಲ್ಲಿ ಅಪ್ಪನನ್ನು ನಿಲ್ಲಿಸಿ, ತಲೆಗೆ ಹೊದ್ದ ಬಟ್ಟೆಯ ತುದಿಯಿಂದ ಹಣ್ಣೊಂದನ್ನು ಒರೆಸಿ ತೋರಿಸುತ್ತಾ ಕೇಳಿದಳು: "ಮಗನೇ, ನೀನು ಒಳಗೆ ಕೆಲಸ ಮಾಡುವವನು. ಆ ಚಿಮಣಿಯಿಂದ ಬರುವುದು ಏನು?"

ಅಪ್ಪ ಹಣ್ಣನ್ನು ನೋಡಲಿಲ್ಲ. "ಬುಖಾರ್, ಅಜ್ಜಿ" ಎಂದರು. ಹಬೆ. "ನೀರಿನ ಹಬೆ ಅಷ್ಟೆ. ಈ ಧೂಳು ರಸ್ತೆ ಕೆಲಸದ್ದಿರಬೇಕು."

ಅಜ್ಜಿ ಆ ಮಾತನ್ನು ನಂಬಿದಳು. ನೆರೆಹೊರೆಯವರು ಗೊಣಗಿದಾಗ, "ನನ್ನ ಇಂಡಿಯಾದ ಮಗ ಹೇಳಿದ್ದಾನೆ, ಅದು ಹಬೆ" ಎಂದು ಅವಳೇ ಸಮಾಧಾನ ಮಾಡುತ್ತಿದ್ದಳು. ಚಪ್ಪರದ ಕೆಳಗೆ ಮಲಗುವುದನ್ನು ಬಿಡಲಿಲ್ಲ, ಜುವೈನಾಳನ್ನು ಒಳಗೆ ಕೂಡಿ ಹಾಕಲೂ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಅಮ್ಮ ಕಿಟಕಿಗಳ ಸಂದಿಗೆ ಹಳೆ ಸೀರೆಯ ತುಂಡು ತುರುಕುತ್ತಿದ್ದಳು. ಏಕೆಂದು ನಾನು ಕೇಳಿದರೆ, "ಸುಮ್ಮನೆ ಕೂತ್ಕೋ ಮಾರಾಯ್ತಿ" ಎಂದು ಗದರುತ್ತಿದ್ದಳು.

ಆ ಚಳಿಗಾಲದಲ್ಲಿ ಪಮ್ಮಿಗೆ ಉಬ್ಬಸ ಶುರುವಾಯಿತು. ಉಸಿರೆಳೆದಾಗ ಎದೆಯೊಳಗೆ ಹಕ್ಕಿಮರಿ ಕೂಗಿದಂತೆ ಸದ್ದು. ಅದಾದ ಸ್ವಲ್ಪ ದಿನಕ್ಕೆ ಜುವೈನಾಳಿಗೂ ಅದೇ ಸದ್ದು. ಆಸ್ಪತ್ರೆಯ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ಮುಖಕ್ಕೆ ಔಷಧಿಯ ಆವಿ ಬರುವ ಮುಖವಾಡ ಹಾಕಿಕೊಂಡು ಉಸಿರೆಳೆಯುತ್ತಾ, ಒಬ್ಬರನ್ನೊಬ್ಬರು ನೋಡಿ ನಗಲು ಹೋಗಿ ಕೆಮ್ಮುತ್ತಿದ್ದರು. ಒಂದು ಬೆಳಿಗ್ಗೆ ಪಮ್ಮಿಯ ತುಟಿ ನೀಲಿಗಟ್ಟಿತು. ಆ ವಾರವೇ ಅಪ್ಪ ಅವಳನ್ನು ಊರಿಗೆ ಕರೆದುಕೊಂಡು ಹೋಗಿ, ಕಾಪುವಿನಲ್ಲಿ ಅಮ್ಮನ ತಾಯಿಯ ಮನೆಯಲ್ಲಿ ಬಿಟ್ಟು ಬಂದರು. ಹೊರಡುವಾಗ ಜುವೈನಾ ತನ್ನ ಕೈಯ ಗಾಜಿನ ಬಳೆಯೊಂದನ್ನು ತೆಗೆದು ಅವಳಿಗೆ ಕೊಟ್ಟಳು. ಅಜ್ಜಿ ಅಮ್ಮನ ಗಲ್ಲ ಸವರಿ, "ನಿಮಗೆ ಕಳಿಸಲು ಒಂದು ಊರಿದೆ. ನನ್ನ ಊರು ಇದೇ" ಎಂದಳು. ಅದರಲ್ಲಿ ದೂರು ಇರಲಿಲ್ಲ.

ಜುವೈನಾ ತೀರಿಕೊಂಡದ್ದು ಬೇಸಿಗೆ ಬರುವ ಮೊದಲು. ಡಾಕ್ಟರು ನ್ಯುಮೋನಿಯಾ ಅಂದರು. ಹೊಗೆಯಿಂದಲೇ ಎಂದು ಯಾರೂ ಹೇಳಲಿಲ್ಲ, ಹೊಗೆಯಿಂದಲ್ಲ ಎಂದೂ ಯಾರೂ ಹೇಳಲಿಲ್ಲ. ಅಂದು ಸಂಜೆಯೊಳಗೆ ಕಡಲ ದಿಬ್ಬದ ಬಳಿಯ ದಫನಭೂಮಿಯಲ್ಲಿ ಅವಳನ್ನು ಮಣ್ಣು ಮಾಡಿ, ಹೆಸರಿಲ್ಲದ ಎರಡು ಕಲ್ಲು ನೆಟ್ಟರು. ಅಪ್ಪ ಗಂಡಸರ ಜೊತೆ ಹೋಗಿ ಹಿಂದೆ ನಿಂತಿದ್ದರಂತೆ. ಮನೆಗೆ ಬಂದವರು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ತುಂಬ ಹೊತ್ತು ಹೊರಗೆ ಬರಲಿಲ್ಲ.

ಕೆಲವು ದಿನಗಳಲ್ಲಿ ಊರವರ ದೂರು ಕೇಳಲು ಮಸ್ಕತ್ತಿನಿಂದ ಅಧಿಕಾರಿಗಳು ಬಂದರು. ಮಸೀದಿಯ ಪಕ್ಕದಲ್ಲಿ ಊರ ಗಂಡಸರು ಸೇರುವ ಮಜ್ಲಿಸ್‌ನಲ್ಲಿ ಸಭೆ. ಕಾರ್ಖಾನೆಯ ಕಡೆಯಿಂದ ಬಂದ ಮೂವರಲ್ಲಿ ಅಪ್ಪನೂ ಒಬ್ಬರು. ಹೆಂಗಸರು ಹೊರಗಿನ ಜಗಲಿಯಲ್ಲಿ ಕೂತಿದ್ದರು, ನಾನು ಅಮ್ಮನ ಮಡಿಲಿಗೆ ಒತ್ತಿಕೊಂಡು ಕಿಟಕಿಯಿಂದ ನೋಡುತ್ತಿದ್ದೆ. ಮ್ಯಾನೇಜರು ಎಲ್ಲವೂ ಮಿತಿಯೊಳಗೇ ಇದೆ ಎಂದು ವಿವರಿಸಿ, ಬೇಕಾದರೆ ಇವರನ್ನೇ ಕೇಳಿ ಎಂದು ಅಪ್ಪನ ಕಡೆ ಕೈ ತೋರಿಸಿದ. ಅಪ್ಪ ಎದ್ದು ನಿಂತರು. ಅವರ ಅರಬ್ಬಿ ಮುರುಕಲು. ಅದರಲ್ಲೇ ಹೇಳಿದರು: "ಅದು ಹಬೆ ಅಲ್ಲ. ಹಬೆ ಅಂತ ಹೇಳಿದ್ದು ನಾನು. ಚೀಲ ಹರಿದು ತಿಂಗಳುಗಳಾದವು. ಒಳಗಿನದು ಹಾಗೇ ಹೊರಗೆ ಬರ್ತಾ ಇದೆ."

ಒಳಗೆ ಗದ್ದಲ ಎದ್ದಿತು. ಅಮ್ಮನ ಕೈ ನನ್ನ ಭುಜದ ಮೇಲೆ ಕಲ್ಲಿನಂತಾಯಿತು. ಮರುದಿನವೇ ಅಪ್ಪನ ವೀಸಾಕ್ಕೆ ಜವಾಬ್ದಾರನಾದ ಕಫೀಲ್ ಅವರನ್ನು ಕರೆಸಿ, "ಖಲಾಸ್, ನಿನ್ನ ವೀಸಾ ಮುಗಿಯಿತು" ಎಂದ.

ನಾವು ಪೆಟ್ಟಿಗೆ ಕಟ್ಟುತ್ತಿದ್ದಾಗ ಅಜ್ಜಿ ಬಂದಳು. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು, ಅಪ್ಪನ ಮುಖವನ್ನೇ ನೋಡುತ್ತಾ ಕೇಳಿದಳು: "ನಿನ್ನ ಮಗಳನ್ನು ಕಳಿಸಿದೆಯಲ್ಲ, ಆಗಲೇ ನಿನಗೆ ಗೊತ್ತಿತ್ತಾ?" ಅಪ್ಪ ಹೌದೆಂದು ತಲೆಯಾಡಿಸಿದರು. ಅಜ್ಜಿ ತಿರುಗಿ ತೋಟದ ನಡುವೆ ನಡೆದುಹೋದಳು. ಊರಿಗೆ ಬಂದ ಮೇಲೆ ಅಪ್ಪ ಸಣ್ಣಪುಟ್ಟ ರಿಪೇರಿ ಕೆಲಸ ಮಾಡಿಕೊಂಡು ಬಹಳ ವರ್ಷ ಬದುಕಿದರು. ಪಮ್ಮಿ ಬೆಳೆದು ಇಬ್ಬರು ಮಕ್ಕಳ ತಾಯಿಯಾದಳು. ಅಪ್ಪ ಅವಳ ಉಸಿರಿನ ಸದ್ದು ಕೇಳಿದಾಗಲೆಲ್ಲ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಒಮಾನಿನ ಮಾತನ್ನು ಸಾಯುವತನಕ ಎತ್ತಲಿಲ್ಲ.

ಮದುವೆಯಾಗಿ ನಾನು ಮತ್ತೆ ಈ ದೇಶಕ್ಕೆ ಬಂದೆ. ಮೌಜಾಜ್ಜಿಯನ್ನು ಹುಡುಕಲು ನನಗೆ ಧೈರ್ಯ ಬಂದದ್ದು ಕಳೆದ ವರ್ಷ, ಅಪ್ಪ ಹೋದ ಮೇಲೆ. ಇಡೀ ಹಳ್ಳಿಯನ್ನು ಸರ್ಕಾರ ಒಳನಾಡಿಗೆ ಸಾಗಿಸಿ, ಸಾಲು ಸಾಲು ಬಿಳಿ ಮನೆ ಕಟ್ಟಿಸಿಕೊಟ್ಟಿತ್ತು. ಕಾರ್ಖಾನೆಗಳಿಗೆ ಕಟ್ಟುನಿಟ್ಟಿನ ಕಾನೂನು ಬಂದು, ಹೊಸ ಶೋಧಕಗಳು ಕೂತು, ಈಗ ಹೊಗೆ ಕಣ್ಣಿಗೇ ಕಾಣುವುದಿಲ್ಲವಂತೆ. ಅಲ್ಲೊಂದು ಮನೆಯಲ್ಲಿ ಸಿಕ್ಕ ಅಜ್ಜಿ ತುಂಬ ಕುಗ್ಗಿಹೋಗಿದ್ದಳು. ನನ್ನ ಹೆಸರು ಹೇಳಿದಾಗ ಕೈ ಹಿಡಿದು, ಮೊದಲು ಕೇಳಿದ್ದು ಪಮ್ಮಿ ಹೇಗಿದ್ದಾಳೆಂದು. ಅಪ್ಪ ತೀರಿಕೊಂಡರು ಎಂದೆ. ನನ್ನ ಕೈ ಬಿಡದೆಯೇ, "ಅಲ್ಲಾಹು ಅವನನ್ನು ಕ್ಷಮಿಸಲಿ" ಎಂದಳು. ಆಮೇಲೆ, ಕಾರು ತಂದಿದ್ದೀಯಾ ಎಂದು ಕೇಳಿದಳು.

ಊರು ಎತ್ತಿದರೂ ದಫನಭೂಮಿಯನ್ನು ಎತ್ತಲಾಗುವುದಿಲ್ಲ. ಅದು ಈಗ ಕೈಗಾರಿಕಾ ಪ್ರದೇಶದ ಬೇಲಿಯೊಳಗಿದೆ. ಒಳಗೆ ಹೋಗಲು ಪಾಸ್ ಬೇಕು, ಅಂದು ಶುಕ್ರವಾರ, ಪಾಸ್ ಕೊಡುವ ಕಚೇರಿಗೆ ರಜೆ. ಕಾವಲಿನವನು ನೇಪಾಳದವನೋ ಏನೋ, ಹಿಂದಿಯಲ್ಲಿ ಕ್ಷಮೆ ಕೇಳಿ, ಅಜ್ಜಿಗೆ ತನ್ನ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟ. ಅವಳು ಕೂರಲಿಲ್ಲ. ತಂತಿಯ ಬೇಲಿ ಹಿಡಿದು ನಿಂತಳು. ಆಚೆ ಬಯಲಿನಲ್ಲಿ ಕಲ್ಲುಗಳು ಚೆಲ್ಲಿಕೊಂಡಿದ್ದವು, ಕೆಲವು ಬಿದ್ದಿದ್ದವು. "ಅಗೋ ಅವಳು" ಎಂದು ಬೆರಳು ತೋರಿಸಿದಳು. ಮತ್ತೆ ಕಣ್ಣು ಕಿರಿದು ಮಾಡಿ, "ಅಲ್ಲ, ಅದರ ಆಚೆಯದ್ದು" ಎಂದಳು. ಬೆರಳು ಗಾಳಿಯಲ್ಲಿ ಅತ್ತಿತ್ತ ಅಲೆದು, ಕೊನೆಗೆ ಎಲ್ಲಿಯೂ ನಿಲ್ಲದೆ ಕೆಳಗಿಳಿಯಿತು. ನನಗೂ ಗೊತ್ತಿರಲಿಲ್ಲ. ಹೆಂಗಸರು ಮಣ್ಣಿಗೆ ಹೋಗುವ ರೂಢಿಯಿರಲಿಲ್ಲ; ನಮ್ಮವರಲ್ಲಿ ಅಂದು ಅಲ್ಲಿ ನಿಂತು ನೋಡಿದ್ದವರು ಅಪ್ಪ ಒಬ್ಬರೇ. ಅಜ್ಜಿ ಎಲ್ಲ ಕಲ್ಲುಗಳ ಕಡೆಗೂ ಒಟ್ಟಾಗಿ ಕೈ ಎತ್ತಿ ಪ್ರಾರ್ಥಿಸತೊಡಗಿದಳು. ನಾನು ಅವಳ ಬೆನ್ನಿಗೆ ಕೈ ಆನಿಸಿ, ಅವಳು ಮುಗಿಸುವವರೆಗೆ ನಿಂತೆ.