ಅಜ್ಜಿ ನೆನೆಹಾಕಿದ ಒಣದ್ರಾಕ್ಷಿ

ನಿನ್ನೆ ತಿಕೋಟಾದಲ್ಲಿ ಒಣದ್ರಾಕ್ಷಿ ಕೊಳ್ಳುವಾಗ ಆ ಸಿಹಿಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆಗಿನ ಬಿಜಾಪುರದ ಇಬ್ರಾಹಿಂಪುರದಲ್ಲಿದ್ದ ಎಂಟು ವರ್ಷದ ಹುಡುಗಿಯಾಗಿಬಿಟ್ಟೆ.

ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ನಮ್ಮ ಚರ್ಚಿನಲ್ಲಿ ವೈನ್ ಇರಲಿಲ್ಲ. ಅಜ್ಜಿ ಶನಿವಾರ ಪಿಂಗಾಣಿ ಬೋಗುಣಿಯಲ್ಲಿ ಒಣದ್ರಾಕ್ಷಿ ನೆನೆಹಾಕಿ, ಭಾನುವಾರ ಬೆಳಗ್ಗೆ ರಸ ಹಿಂಡುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಉಬ್ಬಿದ ದ್ರಾಕ್ಷಿಗಳನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಅರ್ಧ ಖಾಲಿ ಮಾಡಿದೆ. ಗೊತ್ತಾಗಬಾರದೆಂದು ಮೇಲಿಷ್ಟು ನೀರು ಸುರಿದೆ. ಮರುದಿನ ಹಿಂಡುವಾಗ ಅಜ್ಜಿ ನನ್ನನ್ನೊಮ್ಮೆ ನೋಡಿ, ಮತ್ತೆ ಹಿಂಡತೊಡಗಿದಳು.

ಚರ್ಚಿನಲ್ಲಿ ಪಾದ್ರಿಗಳು ಸತ್ಯವೇದ ತೆರೆದು, ಯೇಸು ಕೊಡುವ ಸಮೃದ್ಧ ಜೀವದ ಬಗ್ಗೆ ಹೇಳುತ್ತಿದ್ದರು. ಅವರ ಮುಂದಿನ ಬಟ್ಟಲಲ್ಲಿ ರಸ ಬರೀ ನೀರಿನಂತಿತ್ತು. ನನಗೆ ತಡೆಯಲಾಗಲಿಲ್ಲ. "ನಾನ ತಿಂದೇನ್ರಿ!" ಎಂದು ಎಲ್ಲರಿಗೂ ಕೇಳುವಂತೆ ಅತ್ತುಬಿಟ್ಟೆ.

ಪಾದ್ರಿಗಳು ನಕ್ಕರು. "ಅಳಬ್ಯಾಡ, ತಂಗಿ. ತಪ್ಪು ಮಾಡಿದವರ ಸಲುವಾಗೇ ನಮ್ಮ ಸ್ವಾಮಿ ಈ ಊಟ ಇಟ್ಟಾನ. ನೀ ಒಂದಿನ ಮೊದಲ ಬಂದಿ, ಅಷ್ಟ."

ಮುಂದಿನ ಸಲದಿಂದ ಅಜ್ಜಿ ಒಂದು ಹಿಡಿ ಹೆಚ್ಚು ನೆನೆಹಾಕತೊಡಗಿದಳು. ಯಾಕೆಂದು ಕೇಳಿದರೆ, "ಅದು ಕಳ್ಳಿ ಪಾಲು" ಎನ್ನುತ್ತಿದ್ದಳು.

ಆ ಬೋಗುಣಿ ಈಗ ನನ್ನ ಮನೆಯಲ್ಲಿದೆ. ಇವತ್ತು ಶನಿವಾರ. ಒಂದು ಹಿಡಿ ಹೆಚ್ಚೇ ನೆನೆಹಾಕಿ, ಮೊಮ್ಮಗಳ ಕಣ್ಣಿಗೆ ಬೀಳುವಂತಿಟ್ಟು, ಹೊರಗೆ ಬಂದು ಕೂತಿದ್ದೇನೆ.