ಹನ್ನೆರಡನೆಯ ಸಾಲು

ನಮ್ಮ ಕಾಕಾ ಶಹಾಬಾದಿನ ಪರ್ಸಿ ಕಲ್ಲಿನ ಗಣಿಯಲ್ಲಿ ಮೂವತ್ತು ವರ್ಷ ಹಾಜರಿ ಬರೆದವರು. ನೌಕರಿ ಮುಗಿದರೂ ಗಣಿ ಮಂದಿಯ ಕೆಲಸ ಅವರನ್ನು ಬಿಟ್ಟಿಲ್ಲ. ಕಲ್ಲಿನ ಧೂಳು ಕುಡಿದವರ ಎದೆಯ ಎಕ್ಸ್‌ರೇ ತೆಗೆಯಲು ಗಾಡಿ ಬರುತ್ತದೆಂದು ಗೊತ್ತಾದಾಗ, ಹೆಸರು ತುಂಬಲು ಒಂದು ಫಾರ್ಮ್ ಮಾಡಿಕೊಡು ಎಂದು ನನಗೆ ಹೇಳಿದರು. ಸೇಡಂನಲ್ಲಿ ಕೂತು ಜಾವಾ ಫ್ರೇಮ್‌ವರ್ಕ್‌ನಲ್ಲಿ ಇಂಥ ವೆಬ್ ಪುಟ ಬರೆಯುವುದೇ ನನ್ನ ಹೊಟ್ಟೆಪಾಡು.

ಎಷ್ಟು ಮಂದಿ ಬರುತ್ತಾರೋ ಮೊದಲೇ ತಿಳಿಯದು. ಬಟನ್ ಒತ್ತಿದಂತೆಲ್ಲ ಹೊಸ ಸಾಲು ಹುಟ್ಟಬೇಕು, ಅದರ ಖಾನೆಗಳಿಗೆ ಹೆಸರೂ ಆಗಲೇ ಹುಟ್ಟಬೇಕು: ಹೆಸರು ಒಂದು, ವಯಸ್ಸು ಒಂದು, ಹೆಸರು ಎರಡು, ವಯಸ್ಸು ಎರಡು, ಹೀಗೆ. ಕಾಕಾ ಒಂದೇ ಮಾತು ಗಟ್ಟಿಯಾಗಿ ಹೇಳಿದ್ದರು.

"ಸತ್ತವ್ರ ನಂಬರ ಮತ್ತೊಬ್ರಿಗೆ ಕೊಡಂಗಿಲ್ಲ ತಮ್ಮಾ. ಗಣಿದಾಗ ನಾವು ಯಾವತ್ತೂ ಕೊಟ್ಟಿಲ್ಲ."

ಕಾಕಾ ಮೊದಲೇ ಬರೆದಿಟ್ಟಿದ್ದ ಪಟ್ಟಿಯಲ್ಲಿ ಹನ್ನೆರಡನೆಯವನು ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದ. ಹದಿಮೂರು ಅವನ ಹೆಂಡತಿ. ಮಳೆಗಾಲದಿಂದ ಆಕೆಗೂ ಅದೇ ಕೆಮ್ಮು. ಅವನ ಸಾಲು ತೆಗೆದರೂ ಆಕೆ ಹದಿಮೂರಾಗಿಯೇ ಉಳಿಯುವಂತೆ ಪುಟ ಮಾಡಿದೆ. ಕಾಕಾ ನೋಡಿ ತಲೆಯಾಡಿಸಿದರು.

ಗಾಡಿ ಬರುವ ದಿನ ಮುಂಜಾನೆ ನಾನೂ ಶಹಾಬಾದಿಗೆ ಹೊರಟಿದ್ದೆ. ರೈಲು ಚಿತ್ತಾಪುರ ಬಿಟ್ಟಿತ್ತೋ ಇಲ್ಲವೋ, ಕಾಕಾನ ಫೋನು ಬಂತು.

"ಎಲ್ಲಾರ ಹೆಸರೂ ತುಂಬೀವಿ, ಹನ್ನೊಂದೇ ಬಂದಾವಲ್ಲೋ. ಉಳಿದವ್ರು ಎಲ್ಲಿ ಹೋದ್ರು? ಪಟ್ಟಿದಾಗ ಇಲ್ಲದವ್ರಿಗೆ ಚೀಟಿ ಕೊಡಲ್ಲ ಅಂತಾಳ ನರ್ಸಬಾಯಿ. ಹನ್ನೊಂದು ಗಂಟೆಗೆ ಗಾಡಿ ಚಿಂಚೋಳಿಗೆ ಹೋಗ್ತದಂತ."

ಹನ್ನೊಂದೇ ಹೆಸರು ಎಂದಾಗಲೇ ತಪ್ಪು ಎಲ್ಲಿದೆಯೆಂದು ನನಗೆ ಹೊಳೆಯಿತು. ಪುಟದಿಂದ ಬಂದದ್ದನ್ನು ಉಳಿಸಿಕೊಳ್ಳುವ ಕಡೆ ನಾನು ಬರೆದದ್ದು ಇಷ್ಟೇ: ಒಂದರಿಂದ ಎಣಿಸುತ್ತ ಹೋಗು, ಯಾವ ನಂಬರು ಸಿಗುವುದಿಲ್ಲವೋ ಅಲ್ಲಿಗೆ ಮಂದಿ ಮುಗಿದರೆಂದು ತಿಳಿ. ಅದು ಸತ್ತವನ ಜಾಗಕ್ಕೆ ಬಂದು ನಿಂತುಬಿಟ್ಟಿತ್ತು. ಮೂರು ಸಾಲು ತುಂಬಿ ನೋಡಿದ್ದೆನೇ ಹೊರತು, ನಡುವೆ ಒಂದು ತೆಗೆದು ನೋಡಿರಲಿಲ್ಲ.

"ಹದಿಮೂರನೇ ನಂಬರಿನ ಬಾಯಿ ಬಂದಾಳೇನ್ರಿ ಕಾಕಾ?"

"ನಸುಕಿನ್ಯಾಗೇ ಬಂದು ಕುಂತಾಳ. ಕೆಮ್ಮಾಕತ್ತಾಳ." ಹಿಂದೆಯೇ ಅಂದರು: "ನಾ ನಂಬರ ಒದರಿ ಹಾಜರಿ ತಗೊಂಡವನಲ್ಲೋ. ಬಂದವ್ರ ಮಾರಿ ನೋಡಿ ಬರಕೋತಿದ್ದೆ. ನಿಂದ್ಯಾಕ ಹಿಂಗ?"

ಬೈಯಲಿಕ್ಕೆ ಅಂದ ಮಾತು. ನನಗೆ ದಾರಿ ಅದರಲ್ಲೇ ಇತ್ತು. ವಾಡಿ ಜಂಕ್ಷನ್ನಿನಲ್ಲಿ ಇಳಿದು, ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಎಣಿಕೆ ಕಿತ್ತು ಹಾಕಿ, ಬಂದವರನ್ನೇ ನೋಡುವಂತೆ ಬರೆದೆ: ಬಂದ ಖಾನೆಗಳ ಹೆಸರನ್ನೆಲ್ಲ ಕೇಳಿ ತೆಗೆದುಕೊ, 'ಹೆಸರು' ಎಂದು ಶುರುವಾಗುವವನ್ನು ಹಿಡಿ, ಬಾಲದ ಅಂಕಿ ನೋಡಿ ಸಾಲಿಗೆ ಹಚ್ಚು. ಎಂಟು ಹತ್ತು ಸಾಲಿನ ಕೆಲಸ. ಒಂದು ಅಕ್ಷರ ಎರಡು ಸಲ ತಪ್ಪಿತು. ಮೊಬೈಲಿನ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು, ನಾನು ಹತ್ತಬೇಕಿದ್ದ ರೈಲು ಕಣ್ಣ ಮುಂದೆಯೇ ಹೋಯಿತು. ಈ ಸಲ ನಡುವಿನ ಸಾಲು ತೆಗೆದು ನೋಡಿದೆ. ಆಮೇಲೆ ಕಾಕಾಗೆ ಎಲ್ಲ ಮತ್ತೊಮ್ಮೆ ತುಂಬಿಸ್ರಿ ಅಂದೆ. ಹನ್ನೊಂದರ ಆಚೆಗಿನವು ಎಲ್ಲೂ ಉಳಿದಿರಲಿಲ್ಲವಲ್ಲ.

ಕಾಕಾ ಓದುತ್ತ ಹೋದರು, ನರ್ಸಬಾಯಿ ಗೊಣಗುತ್ತಲೇ ತುಂಬಿದಳು. ಫೋನು ಬಂದ್ ಮಾಡಬೇಡಿರೆಂದು ಹೇಳಿದ್ದೆ. ಹತ್ತು ಗಂಟೆ ದಾಟಿ ಬಹಳ ಹೊತ್ತಾದ ಮೇಲೆ ಆಕೆ ಪಟ್ಟಿ ನೋಡಿ ಕರೆಯುವುದು ಕೇಳಿಸಿತು. ಹತ್ತು. ಹನ್ನೊಂದು. ಫೋನನ್ನು ಕಿವಿಗೆ ಒತ್ತಿಕೊಂಡೆ.

ಹದಿಮೂರು.

ಯಾರೋ ಕೆಮ್ಮುತ್ತ ಏಳುವ ಸಪ್ಪಳ, ಗಾಡಿಯ ಮೆಟ್ಟಿಲ ಸಪ್ಪಳ. "ಹೋದಳಪ್ಪ ಒಳಗ," ಅಂದರು ಕಾಕಾ.

ವರದಿ ಎಂಟು ದಿನಕ್ಕೆ ಬರುತ್ತದಂತೆ. ಇವತ್ತಿಗೆ ಆರಾಯಿತು. ದಿನಾ ಸಂಜೆ ಕಾಕಾಗೆ ನಾನೇ ಫೋನು ಹಚ್ಚುತ್ತೇನೆ.